ಕೇರಿಗೆ ಬಂದ ನೆಂಟರು



ಹಾಸ್ಟೆಲಿನ ಮುದ್ದೆ ಉಂಡು ಓದಿ, ಕೆಲಸ ಹಿಡಿದು, ಮದುವೆಯಾದ ನಮ್ಮ ಹುಡುಗರು ಈಗ ರಜೆ ಬಂದರೆ ಗಂಡ ಹೆಂಡತಿ ಜೋಡಿಯಾಗಿ ಹಳ್ಳಿ ನೋಡೋಕೆ ಹೊರಡ್ತಾರೆ. ತಮ್ಮ ಹಳ್ಳಿಯನ್ನಲ್ಲ. ಸಕಲೇಶಪುರದ ಕಡೆಗೋ ಮಡಿಕೇರಿ ಕಡೆಗೋ ಹೋಗಿ, ಹೋಂಸ್ಟೇ ಅಂತ ಬೋರ್ಡು ಹಾಕಿದ ತೋಟದ ಮನೆಯಲ್ಲಿ ದುಡ್ಡು ಸುರಿದು, ಅಕ್ಕಿರೊಟ್ಟಿ ತಿಂದು, ಮಂಜಿನ ಫೋಟೊ ಹಿಡಿದುಕೊಂಡು ಬರ್ತಾರೆ. ಬೇಡ ಅನ್ನೋಲ್ಲ. ಯಾರದೋ ತೋಟಕ್ಕೆ ಕಳೆ ಕೀಳೋಕಲ್ಲದೆ ಸುಮ್ಮನೆ ಕೂರೋಕೆ ಅಂತ ಹೋದ ಮೊದಲ ತಲೆಮಾರು ಇದು. ಅವರನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ನಾವು ಕೇಳೋದು ಬೇರೆ. ಅವ್ವ ಅಪ್ಪ ಇರುವ ಊರಿಗೆ, ಅಜ್ಜ ಮುತ್ತಜ್ಜರನ್ನು ಹೂತ ನೆಲಕ್ಕೆ ಈ ಜೋಡಿ ಯಾಕೆ ಹೋಗೋಲ್ಲ? ಹೋದರೂ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಯಾಕೆ ವಾಪಸ್ಸು ಬರುತ್ತೆ?

ಪಠ್ಯಪುಸ್ತಕದ ಹಳ್ಳಿಯಲ್ಲಿ ಕೋಳಿ ಕೂಗುತ್ತದೆ, ತೆನೆ ತೂಗುತ್ತದೆ, ಹೆಂಗಸರು ನೀರಿಗೆ ಹೋಗುತ್ತಾರೆ. ಯಾವ ಬಾವಿಗೆ ಹೋಗುತ್ತಾರೆ ಅನ್ನೋದನ್ನು ಕವಿ ಹೇಳೋಲ್ಲ. ಪದ್ಯ ಬರೆಯುವ ನಮಗೂ ತೆನೆ ಚೆಂದವೇ. ಆದರೆ ಅದನ್ನು ಕೊಯ್ದ ಕೈ ನಮ್ಮವ್ವನದು, ಕಣಜ ಮಾತ್ರ ಇನ್ನೊಬ್ಬರದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹಾಡಿ ಹೊಗಳುವವರ ಮುಖಕ್ಕೇ ಹೇಳಿದರು, ಹಳ್ಳಿ ಅನ್ನೋದು ಸಣ್ಣತನದ, ಅಜ್ಞಾನದ, ಜಾತಿಮತದ ಗುಂಡಿ ಅಂತ. ಹಳ್ಳಿಯ ಸೊಬಗನ್ನು ನೆನೆದು ಕಣ್ಣೀರು ಹಾಕುವವರು ಆ ಭಾಷಣವನ್ನೊಮ್ಮೆ ಓದಲಿ.

ಜೋಡಿ ಊರಿಗೆ ಹೋದರೆ ಏನಾಗುತ್ತೆ? ಬಸ್ಸು ಇಳಿದ ಕಡೆ ಟೀ ಅಂಗಡಿ. ಹಿಂದೆ ನಮ್ಮ ಲೋಟ ಬೇರೆ, ಹೊರಗೆ ಸೂರಿಗೆ ಸಿಕ್ಕಿಸಿದ್ದು. ಈಗ ಕಾಗದದ ಕಪ್ಪು ಬಂದಿದೆ. ಕೇರಿಯವರಿಗೆ ಕಾಗದದ್ದು, ಊರಿನವರಿಗೆ ಗಾಜಿನದು ಕೊಟ್ಟರೂ ಕಾನೂನಿನ ಕಣ್ಣಿಗೆ ಬೀಳೋದಿಲ್ಲ! ಕಟ್ಟೆ ಮೇಲಿನ ಗೌಡರು 'ಯಾರ ಮಗನಲಾ ನೀನು?' ಅಂತಾರೆ. ಎಂಎ ಮಾಡಿ ಆಫೀಸರಾಗಿದ್ದರೂ ಲಾ ಅನ್ನೋದು ತಪ್ಪಲ್ಲ. ಆಮೇಲೆ ಹೆಂಡತಿ ಕಡೆ ತಿರುಗಿ 'ನಿಮ್ದು ಯಾವೂರಾಯ್ತಮ್ಮ?' ಅಂತಾರೆ. ಅದು ಊರು ಕೇಳುವ ಪ್ರಶ್ನೆಯಲ್ಲ, ಜಾತಿ ಕೇಳುವ ಪ್ರಶ್ನೆ. ಆ ಹುಡುಗಿ ಬೇರೆ ಜಾತಿಯವಳಾಗಿದ್ದರೆ ಉತ್ತರಕ್ಕೆ ಪ್ರಾಣವೇ ಬೆಲೆ.

ಮಾತಿಗೆ ಹೇಳ್ತಿಲ್ಲ. ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ 2019ರ ನವೆಂಬರಿನಲ್ಲಿ ನಡೆದದ್ದು ಇದೇ. ಪ್ರೀತಿಸಿ ಮದುವೆಯಾಗಿ ಊರು ಬಿಟ್ಟು ದುಡಿದು ಬದುಕುತ್ತಿದ್ದ ಗಂಡ ಹೆಂಡತಿ ದೀಪಾವಳಿಗೆ ಊರಿಗೆ ಬಂದಿದ್ದರು. ಹಬ್ಬಕ್ಕೆ ಬಂದವರನ್ನು ಹೆಂಡತಿಯ ಕಡೆಯವರೇ ಕಲ್ಲಿನಿಂದ ಹೊಡೆದು ಕೊಂದರು. 2025ರಲ್ಲಿ ಗದಗದ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ಕೊಟ್ಟಿತು. ಗಂಡ ಮಾದಿಗ, ಹೆಂಡತಿ ಲಂಬಾಣಿ. ಸರ್ಕಾರದ ಪಟ್ಟಿಯಲ್ಲಿ ಇಬ್ಬರೂ ಪರಿಶಿಷ್ಟ ಜಾತಿ. ಗೌಡರನ್ನು ಬೈದು ಮುಗಿಸುವ ನಮ್ಮ ಸಭೆಗಳಲ್ಲಿ ಈ ಸಾವಿನ ಮಾತು ಬಂದರೆ ಯಾಕೆ ಎಲ್ಲರೂ ನೆಲ ನೋಡ್ತಾರೆ? ಮೆಟ್ಟಿಲ ಕೆಳಗೂ ಮೆಟ್ಟಿಲು ಕಟ್ಟಿಕೊಂಡು ಕೂತವರು ನಾವೇ ಅಲ್ಲವೇ?

ಹಾಗಾದರೆ ಊರಿನ ಸಹವಾಸವೇ ಬೇಡ ಅಂತ ಕೆಲವು ಗೆಳೆಯರು ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ, ಅರ್ಧ ಮಾತ್ರ. ಪಟ್ಟಣದ ಮನೆ ಮಾಲೀಕನೂ 'ನೀವು ವೆಜ್ಜಾ?' ಅಂತಲೇ ಜಾತಿ ಕೇಳ್ತಾನೆ. ಇನ್ನೊಂದು, ನಾವು ಊರು ಬಿಟ್ಟರೆ ಊರಿನವರಿಗೆ ನಷ್ಟವೇನು? ನಮ್ಮ ಹೊಲ ಉಳೋಕೆ ಅವರು ಆಗಲೇ ಕಾದು ಕೂತಿದ್ದಾರೆ.

ಸರ್ಕಾರ ಮಂಜೂರು ಮಾಡಿದ ಎರಡೆಕರೆಯನ್ನು ಮಗಳ ಮದುವೆಗೋ ಕಾಯಿಲೆಗೋ ಹೆಬ್ಬೆಟ್ಟೊತ್ತಿ ಕಳಕೊಂಡ ಅಪ್ಪಂದಿರು ಕೇರಿ ಕೇರಿಯಲ್ಲೂ ಇದ್ದಾರೆ. ಅದಕ್ಕೇ 1978ರ ಪಿಟಿಸಿಎಲ್ ಕಾಯ್ದೆ ಬಂದದ್ದು. ಸರ್ಕಾರದ ಅನುಮತಿಯಿಲ್ಲದೆ ಅಂಥ ಜಮೀನು ಮಾರಿದರೆ ಆ ಮಾರಾಟ ಊರ್ಜಿತವಲ್ಲ, ಎಸಿ ಕೋರ್ಟಿಗೆ ಅರ್ಜಿ ಹಾಕಿ ವಾಪಸ್ಸು ಕೇಳಬಹುದು. 2017ರಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕು ಅಂದಿತು. ತಡ ಮಾಡಿದಿರಿ ಅಂತ ಎಷ್ಟೋ ಅರ್ಜಿ ಬಿದ್ದುಹೋದವು. ಓದು ಬಾರದ ಅಪ್ಪನಿಗೆ ಮಗ ಓದಿ ಬರೋವರೆಗೆ ಕಾಯದೆ ಬೇರೆ ದಾರಿ ಏನಿತ್ತು ಸ್ವಾಮಿ? ಹೋರಾಟದ ಮೇಲೆ 2023ರಲ್ಲಿ ತಿದ್ದುಪಡಿಯಾಗಿ ಕಾಲಮಿತಿ ಇಲ್ಲ ಅಂತಾಯ್ತು. ಆದರೂ ಕೋರ್ಟಿನಲ್ಲಿ ತಡದ ತಕರಾರು ಮುಗಿದಿಲ್ಲ.

ಆದ್ದರಿಂದ ಹೊಸ ಜೋಡಿಗಳಿಗೆ ನಮ್ಮ ಮಾತು ಇಷ್ಟು. ಹೋಗಿ. ಪ್ರಾಣಭಯ ಇದ್ದ ಕಡೆ ಒಬ್ಬೊಬ್ಬರೇ ಹೋಗಬೇಡಿ, ಪೊಲೀಸು ಠಾಣೆಗೆ ಬರೆದುಕೊಟ್ಟು, ಸಂಘದವರನ್ನು ಕರಕೊಂಡು ಹೋಗಿ. ಉಳಿದವರು ಎರಡು ರಾತ್ರಿಯಾದರೂ ಕೇರಿಯ ಮನೆಯಲ್ಲೇ ಮಲಗಿ. ಸೊಸೆ ಬಚ್ಚಲಿಗೆ ಎಲ್ಲಿ ಹೋಗಬೇಕು ಅನ್ನೋ ನಾಚಿಕೆಗೇ ಎಷ್ಟೋ ಜನ ಸಂಜೆ ಬಸ್ಸು ಹತ್ತುವುದು ನಮಗೆ ಗೊತ್ತು. ಹೋಂಸ್ಟೇಗೆ ಸುರಿಯುವ ದುಡ್ಡಿನಲ್ಲಿ ಅವ್ವನಿಗೊಂದು ಬಚ್ಚಲುಮನೆ ಎದ್ದೀತು.

ಸರ್ಕಾರಿ ರಜೆಯ ದಿನ ಮಾತ್ರ ಹೋಗಬೇಡಿ, ತಾಲ್ಲೂಕು ಕಚೇರಿ ಬಾಗಿಲು ತೆಗೆದಿರಬೇಕು. ಟ್ರಂಕಿನ ತಳದಲ್ಲಿರುವ ಸಾಗುವಳಿ ಚೀಟಿಯನ್ನು ಅಪ್ಪನ ಕೈಲಿ ತೆಗೆಸಿ. ಪಹಣಿ ತೆಗೆಸಿ, 9ನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ, 12ರಲ್ಲಿ ಉಳುವವನು ಯಾರೆಂದು ಬರೆದಿದೆ, ಅಪ್ಪನಿಗೂ ಅವ್ವನಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ಗಂಡ ಹೆಂಡತಿ ಇಬ್ಬರೂ ಆ ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆದು ಬನ್ನಿ. ಫೋಟೊ ಬೇಕಾದರೆ ಅಲ್ಲೇ ಹಿಡ್ಕೊಳ್ಳಿ.