ಓಡೂದೂ ಬೇಕು, ಹೇಳ್ಕೊಳ್ಳೂದೂ ಬೇಕು

ನಮ್ಮ ಮನಿಯವರದು ದಿನಾ ಒಂದು ಮಾತು ಅದ. ಥಂಡಿ ದಿನದಾಗ ನಾ ನಸುಕಿನ್ಯಾಗ ಎದ್ದು, ಸ್ವೆಟರ್ ಹಾಕ್ಕೊಂಡು, ಕಿವಿಗೆ ಸ್ಕಾರ್ಫ್ ಕಟ್ಕೊಂಡು, ಬೂಟಿನ ದಾರ ಬಿಗೀಲಿಕ್ಕೆ ಕುಂತೆ ಅಂದ್ರ ಹಾಸಿಗಿಯೊಳಗಿಂದನ ಕೇಳ್ತಾರ, "ಓಡಲಿಕ್ಕೆ ಹೊಂಟೀಯೋ, ಜಡ್ಡಿನ ಪಂಚಾಯ್ತಿ ಮಾಡಲಿಕ್ಕೆ ಹೊಂಟೀಯೋ?"

"ಎರಡಕ್ಕೂ" ಅಂತ ಹೇಳಿ ಬಾಗಲಾ ಎಳಕೊಂಡು ಹೋಗ್ತೇನಿ. ಅವರು ಚಾಷ್ಟಿ ಮಾಡ್ತಾರ, ಖರೆ. ಆದ್ರ ಈ ಸಲ ಅದಕ್ಕ ಕುಂತು ಉತ್ತರಾ ಬರೀಬೇಕು ಅನಿಸ್ತು. ಯಾಕಂದ್ರ ಈ ಮಾತು ನೀವೂ ನಿಮ್ಮ ನಿಮ್ಮ ಮನಿಯೊಳಗ ಕೇಳೇ ಇರ್ತೀರಿ. ನಾಕು ಮಂದಿ ಹೆಂಗಸರು ಕೂಡಿ ಮೊಣಕಾಲು, ನೆಗಡಿ, ಟೊಂಕ ಅಂತ ಮಾತಾಡಿದ್ರ ಅದು ಕೆಲಸಿಲ್ಲದವರ ಹರಟಿ ಅಂತ ಎಲ್ಲಾರೂ ತಿಳ್ಕೋತಾರ. ನನಗ ಹಂಗ ಅನಿಸೂದಿಲ್ಲ. ನಮ್ಮ ಮೈಯಿಗೆ ಏನಾಗೇದ ಅಂತ ಯಾರಾದ್ರೂ ನಿಂತು ಕೇಳೂ ಜಾಗಾ ಅದೊಂದೇ. ಹಂಗ ನೋಡಿದ್ರ ನಮ್ಮ ತಪ್ಪು ಜಾಸ್ತಿ ಮಾತಾಡೂದರಾಗ ಇಲ್ಲ. ಹೇಳಬೇಕಾದ್ದನ್ನ ಬಿಟ್ಟು ಉಳಿದದ್ದೆಲ್ಲಾ ಹೇಳೂದರಾಗ ಅದ.

ನಾವು ಐದು ಮಂದಿ. ಎದುರು ಮನಿ ವೈನಿ, ಮೂಲಿ ಮನಿ ಕಾಕು, ಸಾಲಿಯಿಂದ ರಿಟೈರ್ ಆದ ಅಕ್ಕೋರು, ಹಿಂದಿನ ಓಣಿಯೊಳಗ ಬಾಡಿಗಿಗೆ ಇರೋ ಬ್ಯಾಂಕಿನ ಹುಡಿಗಿ, ಮತ್ತ ನಾನು. ಧಾರವಾಡದಾಗ ಇದ್ದವರಿಗೆ ಗೊತ್ತಿರ್ತದ, ಮುಂಜಾನೆ ಕರ್ನಾಟಕ ಕಾಲೇಜಿನ ಮೈದಾನಕ್ಕ ಹೋದ್ರ ಅರ್ಧಾ ಊರು ಅಲ್ಲೇ ಸಿಗ್ತದ. ಡಿಸೆಂಬರ್ ಜನವರಿಯೊಳಗ ಆರೂವರಿಗೆ ಇನ್ನೂ ಮಬ್ಬು ಇರ್ತದ, ಮಂಜು ಬಿದ್ದು ಹುಲ್ಲು ಹಸಿ ಆಗಿರ್ತದ. ನಮ್ಮದೇನು ದೊಡ್ಡ ಓಟ ಅಲ್ರಿ. ಒಂದು ಸುತ್ತು ನಡಿಯೂದು, ಅರ್ಧಾ ಸುತ್ತು ಓಡೂದು, ಮತ್ತ ನಡಿಯೂದು. ಓಡೂಮುಂದ ಮಾತಾಡಲಿಕ್ಕೆ ಬರಬೇಕು, ಮಾತು ನಿಂತು ಬರೇ ತೇಕು ಹತ್ತಿತು ಅಂದ್ರ ನಮ್ಮ ವಯಸ್ಸಿಗೆ ಜೋರ್ ಆತು ಅಂತ ಲೆಕ್ಕ. ಹಿಂಗಾಗಿ ಮಾತಾಡೂದು ನಮ್ಮ ಓಟದ ಅಳತೀನೂ ಹೌದು.

ಆ ಮಾತಿನಿಂದ ಏನು ಲಾಭ ಅಂತ ಕೇಳಿದ್ರ ಲೆಕ್ಕಾ ಕೊಡ್ತೇನಿ. ನವೆಂಬರದಾಗ ಕಾಕುಗ ಹಿಂಬಡಾ ನೋಯಲಿಕ್ಕೆ ಹತ್ತಿತ್ತು. ಹಾಸಿಗಿಯಿಂದ ಎದ್ದು ಮೊದಲನೇ ಹೆಜ್ಜಿ ಇಡೂಮುಂದ ಮೊಳಿ ಚುಚ್ಚಿಧಂಗ, ಹತ್ತು ಹೆಜ್ಜಿ ನಡದ ಮ್ಯಾಲ ಕಡಿಮಿ. ವಯಸ್ಸಾತು ಅಂತ ಅವರು ಸುಮ್ನಿದ್ರು. ಅಕ್ಕೋರು ಅವರ ಬೂಟು ತಿರುವಿ ನೋಡಿದ್ರ ತಳಾ ಪೂರ್ತಿ ಸವದು ಹೋಗಿತ್ತು. ಮಗ ಹಾಕಿ ಬಿಟ್ಟ ಹಳೇ ಬೂಟು ಅದು! ಮಗನಿಗೆ ಹೊಸಾವು, ಅವ್ವಗ ಹಳೇವು. ಅವತ್ತ ಸಂಜಿಗೆ ಕರಕೊಂಡು ಹೋಗಿ ಮೆತ್ತಗಿನ ಬೂಟು ಕೊಡಿಸಿದ್ವಿ. ಮನಿಯೊಳಗ ಥಣ್ಣಗಿನ ಫರಸಿ ಮ್ಯಾಲ ಬರಿಗಾಲಿಲೆ ನಿಂತು ರೊಟ್ಟಿ ಬಡಿಯೂದು ಬಿಡಿಸಿ ಚಪ್ಪಲ್ಲು ಹಾಕಿಸಿದ್ವಿ. ಹಾಸಿಗಿಯಿಂದ ಇಳಿಯೂಕಿಂತ ಮೊದಲ ಕಾಲ ಬೆರಳು ತಮ್ಮ ಕಡೆ ಎಳಕೊಂಡು ಮೀನಖಂಡಾ ಜಗ್ಗೂದು ಕಲಿಸಿದ್ವಿ. ಸಂಕ್ರಮಣದ ಹೊತ್ತಿಗೆ ನೋವು ಬಹಳ ಇಳದಿತ್ತು.

ಬ್ಯಾಂಕಿನ ಹುಡಿಗಿಗೆ ಥಂಡಿಯೊಳಗ ಓಡಿದ ಕೂಡಲೇ ಕೆಮ್ಮು. ಸಣ್ಣಾಕಿ ಇದ್ದಾಗ ಉಬ್ಬಸ ಇತ್ತಂತ. ಥಂಡಿ ಒಣಾ ಗಾಳಿ ಒಮ್ಮೆಲೆ ಒಳಗ ಹೋದ್ರ ಉಬ್ಬಸದವರ ಉಸಿರಿನ ಕೊಳವಿ ಬಿಗೀತಾವ. ಮೂಗು ಬಾಯಿ ಮುಚ್ಚೂಹಂಗ ಸ್ಕಾರ್ಫ್ ಕಟ್ಟಿಸಿ, ಹತ್ತು ನಿಮಿಷ ನಡಿಸಿ ಆಮ್ಯಾಲೆ ಓಡಿಸಲಿಕ್ಕೆ ಹತ್ತಿದ್ವಿ. ಆದ್ರೂ ಕೆಮ್ಮು ನಿಲ್ಲಲಿಲ್ಲ ಅಂತ ವೈನಿ ಬೆನ್ನು ಹತ್ತಿ ಡಾಕ್ಟರ ಕಡೆ ಕಳಿಸಿದ್ರು. ಈಗ ಪಂಪು ತೊಗೋತಾಳ, ಆರಾಮ ಓಡ್ತಾಳ.

ಇಷ್ಟು ಹೇಳಿ ನಮ್ಮ ತಪ್ಪು ಮುಚ್ಚಿಡೂದಿಲ್ಲ. ನಾವು ಹೆಂಗಸರು ಕೇಳೂದಕ್ಕಿಂತ ಔಷಧ ಹೇಳೂದು ಜಾಸ್ತಿ. ಒಬ್ಬಾಕಿ "ಮೊಣಕಾಲು" ಅಂದ್ರ ಸಾಕು, ಒಬ್ಬರು ಎಣ್ಣಿ, ಒಬ್ಬರು ಮೆಂತೆ, ಒಬ್ಬರು ತಮ್ಮ ಡಬ್ಬಿಯೊಳಗಿನ ಗುಳಿಗಿ. ಹೋದ ವರ್ಷ ಟೊಂಕ ಹಿಡದಾಗ ಹಿಂಗ ಯಾರೋ ಕೊಟ್ಟ ನೋವಿನ ಗುಳಿಗಿ ನಾ ಮೂರು ದಿನಾ ನುಂಗಿ, ಹೊಟ್ಟಿಯೊಳಗ ಬೆಂಕಿ ಬಿದ್ಧಂಗ ಆಗಿ, ಒಂದು ವಾರ ಮಜ್ಜಿಗಿ ಅನ್ನದ ಮ್ಯಾಲ ಇದ್ದೆ. ಕೊಟ್ಟವರದು ತಪ್ಪಲ್ಲ, ಪ್ರೀತಿಯಿಂದನ ಕೊಟ್ಟಿದ್ರು. ಆದ್ರ ಅವರ ಹೊಟ್ಟಿ ಬ್ಯಾರೆ, ನನ್ನ ಹೊಟ್ಟಿ ಬ್ಯಾರೆ. ಒಬ್ಬರಿಗೆ ಬಿಪಿ ಇರ್ತದ, ಒಬ್ಬರಿಗೆ ಸಕ್ಕರಿ ಇರ್ತದ. ಅವತ್ತಿನಿಂದ ನಮ್ಮೊಳಗ ಒಂದು ಕರಾರು. ಕಷಾಯ ಹಂಚಬಹುದು, ಗುಳಿಗಿ ಹಂಚಬಾರದು.

ಈಗ ಹೇಳಲಿಕ್ಕೆ ಸಂಕೋಚ ಆಗೂ ಮಾತಿಗೆ ಬರ್ತೇನಿ.

ಡಿಸೆಂಬರ್ ಮೊದಲನೇ ವಾರ ನನಗ ನೆಗಡಿ ಕೆಮ್ಮು ಹತ್ತಿತ್ತು. ನೆಗಡಿ ಹೋತು, ಕೆಮ್ಮು ಉಳೀತು. ಒಂದಿನ ಅರ್ಧಾ ಸುತ್ತು ಓಡೂಮುಂದ ಕೆಮ್ಮು ಬಂತು, ಕೆಮ್ಮಿದ ಕೂಡಲೇ ಒಂದಕ್ಕ ಹನಿ ಹನಿ ಹೊಂಟೇ ಬಿಡ್ತು. ತಡಿಯಲಿಕ್ಕೇ ಆಗಲಿಲ್ಲ. ಖರೆ ಹೇಳಬೇಕಂದ್ರ ಅದು ಮೊದಲನೇ ಸಲ ಅಲ್ಲ. ಎರಡು ವರ್ಷದಿಂದ ಸೀನಿದ್ರ, ತುಂಬಿದ ಕೊಡಾ ಎತ್ತಿದ್ರ, ಜೋರ್ ನಕ್ಕರ ಹಿಂಗ ಆಗ್ತಿತ್ತು. ಅದಕ್ಕಂತ ಕಪ್ಪು ಚೂಡಿದಾರನ ಹಾಕ್ಕೊಂಡು ಹೋಗ್ತಿದ್ದೆ. ಚಾ ಬಿಟ್ಟೆ, ಅದು ಛಲೋನ ಆತು. ನೀರು ಕುಡಿಯೂದೂ ಬಿಟ್ಟೆ, ಅದು ತಪ್ಪಾತು. ಅವತ್ತು ಮಾತ್ರ ಎಲ್ಲಾರ ಮುಂದ ನಿಂತು, ಕಾಲು ಹೆಣಿಗಿ ಹಾಕ್ಕೊಂಡು, ಬೂಟಿನ ದಾರ ಕಟ್ಟೋ ನೆವಾ ಮಾಡಿ ಹಿಂದ ಉಳದೆ. ಮರುದಿನದಿಂದ ಹೋಗೂದೇ ಬಿಟ್ಟೆ. "ಅತ್ತಿಯವರಿಗೆ ಆರಾಮಿಲ್ರಿ ವೈನಿ, ಮುಂಜಾನೆ ಬರಲಿಕ್ಕೆ ಆಗೂದಿಲ್ಲ" ಅಂತ ಫೋನ್ ಮಾಡಿ ಹೇಳಿದೆ.

ಸುಳ್ಳು ಎಷ್ಟು ದಿನಾ ನಡೀತದ? ಎಂಟನೇ ದಿನಕ್ಕ ವೈನಿ ಒಂದು ಡಬ್ಬಿಯೊಳಗ ಬಿಸಿ ಸಾರು, ಇನ್ನೊಂದರಾಗ ಮೆತ್ತಗಿನ ಅನ್ನ ತೊಗೊಂಡು ಅತ್ತಿಯವರನ್ನ ನೋಡಲಿಕ್ಕೆ ಬಂದ್ರು. ನಮ್ಮ ಅತ್ತಿಯವರು ಅಂಗಳದಾಗ ಬಿಸಲಿಗೆ ಕುಂತು ಕರಂಕುರಂ ಅಂತ ಚಕ್ಕಲಿ ತಿನ್ಲಿಕ್ಕೆ ಹತ್ತಿದ್ರು! "ಬಾ ಬಾ, ನೀನೂ ಒಂದು ತೊಗೋ" ಅಂದ್ರು. ವೈನಿ ಒಮ್ಮೆ ಅವರನ್ನ ನೋಡಿದ್ರು, ಒಮ್ಮೆ ನನ್ನ ನೋಡಿದ್ರು. ಅಡಗಿಮನಿಗೆ ಕರಕೊಂಡು ಹೋಗಿ, "ಯಾಕ? ನಮ್ಮಿಂದ ಏನರ ತಪ್ಪಾತೇನು?" ಅಂತ ಕೇಳಿದ್ರು. ನನಗ ಅಳು ಬಂತು. ಎಲ್ಲಾ ಹೇಳಿದೆ.

ವೈನಿ ನಕ್ಕು ಬಿಟ್ರು. "ಇಷ್ಟೇ? ನನಗ ನಾಕು ವರ್ಷ ಆತು. ದಿನಾ ಪ್ಯಾಡ್ ಇಟ್ಕೊಂಡು ಓಡ್ತೇನಿ" ಅಂದ್ರು. ದಿನಾ ಬಾಜೂಕ ಬಾಜೂ ಓಡ್ತಿದ್ವಿ, ಇಬ್ಬರಿಗೂ ಅದೇ ತ್ರಾಸು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಮರುದಿನ ಮೈದಾನದಾಗ ವೈನಿನ ಮಾತು ತಗದ್ರು. ನೋಡಿದ್ರ ಅಕ್ಕೋರಿಗೂ ಅದ, ಒಂದೂವರಿ ವರ್ಷದ ಕೂಸಿರೋ ಆ ಬ್ಯಾಂಕಿನ ಹುಡಿಗಿಗೂ ಅದ. ಐದರಾಗ ನಾಕು ಮಂದಿ! ಹುಡಿಗಿ ಅಂದ್ಲು, "ನನಗೊಬ್ಬಾಕಿಗೇ ಅಂತ ತಿಳ್ಕೊಂಡಿದ್ದೆ ಕಾಕು, ರಾತ್ರಿ ಎಲ್ಲಾ ಅಳ್ತಿದ್ದೆ."

ಮನಿಯೊಳಗ ಈ ಸುದ್ದಿ ಅತ್ತಿಯವರ ಕಿವಿಗೂ ಬಿತ್ತು. ಬೈತಾರೇನೋ ಅಂತ ಅಂಜಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ನ ಕುಂತು, "ನಾ ಯಾಕ ಬಸ್ ಹತ್ತೂದು ಬಿಟ್ಟೆ ಅಂತ ಮಾಡೀದಿ?" ಅಂದ್ರು. ಇಪ್ಪತ್ತು ವರ್ಷದ ಮ್ಯಾಲಾತು, ಅವರು ದೂರದ ಊರಿಗೆ ಹೋಗಿಲ್ಲ. ಸ್ವಂತ ತಂಗಿ ಮಗಳ ಲಗ್ನಕ್ಕೂ ಹೋಗಲಿಲ್ಲ, ತಂಗಿ ಆ ಸಿಟ್ಟಿಗೆ ಎಷ್ಟೋ ದಿನಾ ಮಾತು ಬಿಟ್ಟಿದ್ಲು. ಅವರಿಗೆ ಬಸ್ಸು ಆಗಿಬರೂದಿಲ್ಲ, ವಾಂತಿ ಆಗ್ತದ ಅಂತ ನಾವೆಲ್ಲಾ ತಿಳ್ಕೊಂಡಿದ್ವಿ. ಒಂದಕ್ಕ ತಡಿಯಲಿಕ್ಕೆ ಆಗೂದಿಲ್ಲ ಅಂತ ಯಾರ ಮುಂದ ಹೇಳಬೇಕಿತ್ತು ಅವರು? ಗಂಡನ ಮುಂದ? ಸೊಸಿ ಮುಂದ? ಆ ದಿನದಿಂದ "ಹೇಳ್ಕೊಂಡ್ರ ಏನು ಬರ್ತದ" ಅನ್ನೋ ಮಾತು ನಾ ಕೇಳಿಸಿಕೊಳ್ಳೂದು ಬಿಟ್ಟೇನಿ. ಹೇಳದ ಇದ್ರ ಏನು ಹೋಗ್ತದ ಅಂತ ನಮ್ಮ ಮನಿಯೊಳಗನ ನೋಡೇನಿ.

ನಾವು ನಾಕೂ ಮಂದಿ ಕೂಡಿನ ಡಾಕ್ಟರಬಾಯಿ ಕಡೆ ಹೋದ್ವಿ. ಒಂದಕ್ಕಿನ ತಪಾಸಣಿ, ಸಕ್ಕರಿ ತಪಾಸಣಿ ಮಾಡಿಸಿದ್ರು, ಯಾಕಂದ್ರ ಉರಿ ಇದ್ರೂ, ಸಕ್ಕರಿ ಜಾಸ್ತಿ ಇದ್ರೂ ಮ್ಯಾಲಿಂದ ಮ್ಯಾಲ ಹೋಗಬೇಕು ಅನಸ್ತದ. ಥಂಡಿಗೆ ಒಂದಕ್ಕ ಜಾಸ್ತಿ ಆಗೂದು ಸಹಜ ಅಂತನೂ ಹೇಳಿದ್ರು. ಛಳಿಗೆ ಚರ್ಮದ ರಕ್ತನಾಳ ಬಿಗದು ರಕ್ತ ಮೈಯೊಳಗ ಸೇರ್ಕೋತದ, ಆವಾಗ ಕಿಡ್ನಿ ನೀರು ಜಾಸ್ತಿ ಹೊರಗ ಹಾಕ್ತದ, ಮ್ಯಾಲ ಬೆವರೂ ಬರೂದಿಲ್ಲ. ಇನ್ನ ಕೆಮ್ಮಿದಾಗ, ಓಡಿದಾಗ ಹೋಗೂದಕ್ಕ ಕಾರಣ ಹಡದ ಮ್ಯಾಲ, ಮುಟ್ಟು ನಿಂತ ಮ್ಯಾಲ ಕೆಳಗಿನ ಸ್ನಾಯು ಸಡಲ ಆಗೂದು. ಅದಕ್ಕ ವ್ಯಾಯಾಮ ಅದ. ಅಮೆರಿಕಾದ ಅರ್ನಾಲ್ಡ್ ಕೇಗಲ್ ಅನ್ನೋ ಡಾಕ್ಟರು 1948ರಾಗನ ಬರದು ಇಟ್ಟಾರ. ನಾ ಹುಟ್ಟೂಕಿಂತ ಎಷ್ಟೋ ಮೊದಲ! ಎರಡು ಹಡದೇನಿ, ಒಬ್ಬರೂ ನನಗ ಇದನ್ನ ಹೇಳಿರಲಿಲ್ಲ.

ವ್ಯಾಯಾಮ ಇಷ್ಟೇ. ಗಾಳಿನೂ ಒಂದಕ್ಕೂ ಒಟ್ಟಿಗೆ ತಡೀತೇವಿ ಅನ್ನೂಹಂಗ ಕೆಳಗಿನ ಭಾಗ ಬಿಗೀ ಮಾಡಿ ಮ್ಯಾಲ ಎಳಕೋಬೇಕು, ಐದು ಎಣಸೂತನಕಾ ಹಿಡೀಬೇಕು, ಪೂರ್ತಿ ಸಡಲ ಬಿಡಬೇಕು. ಹಿಂಗ ಎಂಟು ಹತ್ತು ಸಲ, ದಿನಕ್ಕ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟಿ ತೊಡಿ ಬಿಗೀಬಾರದು. ಒಂದಕ್ಕ ಹೋಗೂಮುಂದ ಮಧ್ಯ ತಡದು ತಡದು ಮಾಡಬಾರದು. ನಾ ಕುಕ್ಕರಿನ ಸೀಟಿ ಎಣಸ್ಕೋತ ಮಾಡ್ತೇನಿ, ಯಾರಿಗೂ ಗೊತ್ತಾಗೂದಿಲ್ಲ. ಫರಕು ಕಾಣಲಿಕ್ಕೆ ಮೂರು ತಿಂಗಳರ ಬೇಕಂತ. ನೀರು ಬಿಡಬಾರದು, ಓಡೂಕಿಂತ ಮೊದಲ ಹೋಗಿ ಬರಬೇಕು, ಚಾ ಕಾಫಿ ಕಡಿಮಿ ಮಾಡಬೇಕು, ಮಲಬದ್ಧತೆ ಆಗದಂಗ ನೋಡ್ಕೋಬೇಕು, ಕೆಮ್ಮು ಹಂಗ ಬಿಡಬಾರದು. ನನಗ ಈಗ ಒಂದೂವರಿ ತಿಂಗಳು ಆತು. ಪೂರ್ತಿ ಹೋಗಿಲ್ಲ. ಆದ್ರ ಸೀನು ಬಂದಾಗ ಮೊದಲಿನ ಹಂಗ ಅಂಜೂದಿಲ್ಲ. ಅತ್ತಿಯವರನ್ನೂ ತೋರಿಸೇವಿ. ಅವರದು ಬ್ಯಾರೆ ನಮೂನಿ ಅದ, ಔಷಧ ಬರದು ಕೊಟ್ಟಾರ.

ಅದಕ್ಕ ನಾ ಹೇಳೂದು ಏನಂದ್ರ, ಗೆಳತ್ಯಾರ ಕಡೆ ಹೇಳ್ಕೊಳ್ಳೂದರಿಂದ ಜಡ್ಡು ವಾಸಿ ಆಗ್ತದ ಅಂತಲ್ಲ. ವಾಸಿ ಮಾಡೂದು ಡಾಕ್ಟರು ಮತ್ತ ನಮ್ಮ ದಿನದ ವ್ಯಾಯಾಮ. ಆದ್ರ ಅಲ್ಲಿಗೆ ಹೋಗೂ ಧೈರ್ಯ ಗೆಳತ್ಯಾರ ಕೊಡ್ತಾರ. ಕೆಲವು ಮಾತಿಗೆ ಮಾತ್ರ ನಮ್ಮ ಪಂಚಾಯ್ತಿ ಬ್ಯಾಡ. ಒಂದಕ್ಕಿನಾಗ ರಕ್ತ ಕಂಡ್ರ, ಉರಿ ಜೋಡಿ ಜ್ವರಾ ಬಂದ್ರ, ಮುಟ್ಟು ನಿಂತು ವರ್ಷ ಆದ ಮ್ಯಾಲ ಮತ್ತ ರಕ್ತ ಹೋದ್ರ ಡಾಕ್ಟರ ಕಡೆ ಹೋಗೂದು, ತಡಾ ಮಾಡಬಾರದು. ಓಡೂಮುಂದ ಎದಿ ಹಿಡದ್ರ, ದವಡಿ, ಎಡಗೈ, ಬೆನ್ನು ಸೆಳದ್ರ, ಎಂದೂ ಇಲ್ಲದ ತೇಕು ಬೆವರು ಬಂದ್ರ ಅದನ್ನ ಗ್ಯಾಸು ಅನಬ್ಯಾಡ್ರಿ. ಸುತ್ತು ಮುಗಸ್ತೇನಿ ಅನಬ್ಯಾಡ್ರಿ. ಅಲ್ಲೇ ಕೂಡ್ರಿ, ಬಾಜೂದಾಕಿಗೆ ಹೇಳ್ರಿ, ಆಕಿ ಆ ಕ್ಷಣಾನ ದವಾಖಾನಿಗೆ ಕರಕೊಂಡು ಹೋಗಲಿ.

ನಮ್ಮ ಮನಿಯವರಿಗೆ ಇಷ್ಟು ಓದಿ ಹೇಳಿದೆ. ಪೇಪರ್ ಕೆಳಗ ಇಟ್ಟು, "ನಿಮ್ಮ ಪಂಚಾಯ್ತಿಯೊಳಗ ಗಂಡಸರಿಗೆ ಜಾಗಾ ಇಲ್ಲೇನು? ನನ್ನ ಭುಜಾನೂ ಒಂದು ತಿಂಗಳಿಂದ ಎತ್ತಲಿಕ್ಕೆ ಬರವಲ್ದು" ಅಂದ್ರು. ಒಂದು ತಿಂಗಳು ಸುಮ್ನಿದ್ರು ನೋಡ್ರಿ!

ಥಂಡಿ ಇನ್ನೂ ಶಿವರಾತ್ರಿತನಕಾ ಅದ. ಓಣಿಯೊಳಗಿನವರು ಯಾರರ ಬರಾವರಿದ್ರ ನಾಳೆ ಆರೂವರಿಗೆ ನಮ್ಮ ಗೇಟಿನ ಹತ್ರ ಬರ್ರಿ. ಸ್ಕಾರ್ಫ್ ತರ್ರಿ, ಮಗನ ಹಳೇ ಬೂಟು ಬ್ಯಾಡ. ಓಡಲಿಕ್ಕೆ ಬರದಿದ್ರ ನಡೀರಿ. ಕಪ್ಪು ಚೂಡಿದಾರ ಹಾಕ್ಕೊಂಡು ಬಂದವರನ್ನ ಯಾಕಂತ ಯಾರೂ ಕೇಳೂದಿಲ್ಲ, ನೀವಾಗೇ ಹೇಳಿದ್ರ ಎಲ್ಲಾರೂ ಕೇಳ್ತೇವಿ.