ಸಾಕ್ಸಿಗೆ ಚುಚ್ಚುವ ಬೀಜ

ದೀಪಾವಳಿ ಮುಗಿದ ಮೇಲೆ ಪುಣೆಯ ಟೇಕಡಿಗಳನ್ನು ಸುತ್ತಿ ಬಂದವರ ಸಾಕ್ಸಿನ ತುಂಬ ಕಂದು ಮುಳ್ಳುಗಳು. ಮರಾಠಿಯಲ್ಲಿ ಈ ಹುಲ್ಲಿಗೆ ಕುಸಳಿ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಹೆಟೆರೊಪೋಗಾನ್ ಕಂಟಾರ್ಟಸ್. ನಾವು ಬೈದುಕೊಂಡು ಕಿತ್ತೆಸೆಯುವ ಆ ಮುಳ್ಳೇ ಅದರ ಬೀಜ. ಈ ಸಲ ಎಸೆಯಬೇಡಿ, ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ.

ಬೀಜದ ಒಂದು ತುದಿ ಸೂಜಿಯಂತೆ ಚೂಪು, ಅಲ್ಲಿ ಹಿಮ್ಮುಖವಾಗಿ ಬಾಗಿದ ಕೂದಲು. ಇನ್ನೊಂದು ತುದಿಗೆ ಹುರಿಗಟ್ಟಿದ ಉದ್ದನೆಯ ಬಾಲ. ಒದ್ದೆಯಾದರೆ ಹುರಿ ಬಿಚ್ಚುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗುತ್ತಲೇ ಬೀಜ ಬೈರಿಗೆಯ ಹಾಗೆ ನೆಲಕ್ಕಿಳಿಯುತ್ತದೆ. ಒಂದನ್ನು ತಟ್ಟೆಯಲ್ಲಿಟ್ಟು ನೀರು ಹನಿಸಿ, ಮಕ್ಕಳಿಗೆ ತೋರಿಸಿ.

ಹೊಸ ಬೀಜವನ್ನು ಕೂಡಲೇ ಬಿತ್ತಿದರೆ ಹೆಚ್ಚಿನವು ಮೊಳೆಯುವುದಿಲ್ಲ. ಅಕಾಲದ ಮಳೆಯನ್ನು ನಂಬಿ ಎದ್ದರೆ ಬೇಸಿಗೆಯಲ್ಲಿ ಸಾಯಬೇಕಾಗುತ್ತದೆಂದು ಅದು ತಿಳಿದಂತಿದೆ. ಪೊಟ್ಟಣ ಒಣ ಜಾಗದಲ್ಲಿ ಬೇಸಿಗೆ ಕಳೆಯಲಿ. ಜೂನ್ ಮಳೆ ಹಿಡಿದ ಮೇಲೆ ಆಳವಾದ ಕುಂಡದಲ್ಲಿ ಮಣ್ಣಿಗೆ ಗರಸು ಬೆರೆಸಿ, ಅರ್ಧ ಸೆಂಟಿಮೀಟರ್ ಆಳದಲ್ಲಿ ಬಿತ್ತಿ. ಪೂರ್ತಿ ಬಿಸಿಲು ಬೇಕು, ಗೊಬ್ಬರ ಬೇಡ. ಮೊದಲ ವರ್ಷ ಮೇಲೆ ಹೆಚ್ಚೇನೂ ಕಾಣದಿದ್ದರೂ ಕೆಳಗೆ ಬೇರಿನ ಕೆಲಸ ನಡೆದಿರುತ್ತದೆ. ಮಾರ್ಚಿನಲ್ಲಿ ಹುಲ್ಲು ಒಣಗಿದಾಗ ಸತ್ತಿತೆಂದು ಕೀಳಬೇಡಿ. ಬುಡ ಬದುಕಿರುತ್ತದೆ, ಮುಂದಿನ ಮಳೆಗೆ ಚಿಗುರುತ್ತದೆ. ಮನೆಯಲ್ಲಿ ನಾಯಿ ಇದ್ದರೆ ತೆನೆ ಬಲಿಯುವ ಮೊದಲೇ ಕತ್ತರಿಸಿ. ಬೀಜ ಚರ್ಮದೊಳಕ್ಕೂ ಇಳಿಯಬಲ್ಲದು.

ಒಂದು ಕುಂಡದ ಹುಲ್ಲಿನಿಂದ ಆಗುವುದೇನು? ಕಣ್ಣು ಪಳಗುತ್ತದೆ. ಬೋಳು ಗುಡ್ಡ ಕಂಡರೆ ಗಿಡ ನೆಡಬೇಕೆನಿಸುವುದು ನಮ್ಮ ಅಭ್ಯಾಸ. ಸರ್ಕಾರಿ ಪಟ್ಟಿಗಳಲ್ಲೂ ಎಷ್ಟೋ ಹುಲ್ಲುಗಾವಲು ‘ಪಾಳು ಭೂಮಿ’ ಎಂದೇ ದಾಖಲಾಗಿದೆ. ಆದರೆ ಸೊಲ್ಲಾಪುರದ ನಾನ್ನಜ್‌ನಿಂದ ನಮ್ಮ ರಾಣೆಬೆನ್ನೂರಿನವರೆಗೆ ಈ ಒಣ ಬಯಲಿನಲ್ಲೇ ಕೃಷ್ಣಮೃಗ ಮೇಯುತ್ತದೆ, ತೋಳ ಬೇಟೆಯಾಡುತ್ತದೆ, ನೆಲಗುಬ್ಬಿ ಗೂಡು ಕಟ್ಟುತ್ತದೆ. ಕುರಿಗಾರರ ಬದುಕೂ ಇದರ ಮೇಲೇ ನಿಂತಿದೆ. ಮೈಸೂರು ಅರಸರು ಅಮೃತಮಹಲ್ ದನಗಳಿಗಾಗಿ ಬಿಟ್ಟ ಕಾವಲುಗಳು ಇಂಥ ಹುಲ್ಲುನೆಲಗಳೇ. ಅಲ್ಲಿ ಗ್ಲಿರಿಸಿಡಿಯಾದಂಥ ಹೊರಗಿನ ಮರ ದಟ್ಟವಾಗಿ ಬೆಳೆದರೆ ಬಿಸಿಲು ಬೇಡುವ ಈ ಹುಲ್ಲು ನೆರಳಿನಲ್ಲಿ ಸೊರಗಿಹೋಗುತ್ತದೆ.

ಮುಂದಿನ ಜುಲೈನಲ್ಲಿ ನಿಮ್ಮ ಸೊಸೈಟಿಯವರು ಟೇಕಡಿಗೆ ಸಸಿ ನೆಡಲು ಹೊರಟರೆ ನೀವೂ ಹೋಗಿ. ಗುದ್ದಲಿ ಎತ್ತುವ ಮೊದಲು ಒಂದು ಮಾತು ಕೇಳಿ: ‘ಇಲ್ಲಿ ಈಗಾಗಲೇ ಏನು ಬೆಳೆದಿದೆ?’