ನೌಕರರಿಗೆ ಸಂಘ ಇದೆ, ಸದಸ್ಯರಿಗೆ ಒಕ್ಕೂಟ ಇದೆ. ಬೋಗಾದಿ ಪರ ಮಾತಾಡೋರು ಯಾರು?

ಬೋಗಾದಿ: ಅಂಗಡಿ ಮುಂದಿನ ಚರಂಡಿ ಕಟ್ಟಿಕೊಂಡಿದೆ ಅಂದುಕೊಳ್ಳಿ. ಬೋಗಾದಿ ಗ್ರಾಮ ಪಂಚಾಯಿತಿಯಾಗಿದ್ದಾಗ ದಾರಿ ಸುಲಭವಿತ್ತು. ಅದೇ ಬೀದಿಯಲ್ಲಿ ಒಬ್ಬ ಮೆಂಬರ್ ಇರುತ್ತಿದ್ದರು. ಬೆಳಿಗ್ಗೆ ಹಾಲು ತರಲು ಬಂದಾಗ ಹಿಡಿದು ಕೇಳಬಹುದಿತ್ತು. ಕೆಲಸ ಆಗುತ್ತಿತ್ತೋ ಇಲ್ಲವೋ ಬೇರೆ ಮಾತು, ಕೇಳೋದಕ್ಕೆ ಒಂದು ಮುಖ ಇತ್ತು.

ಈಗ ಬೋಗಾದಿ ಪಟ್ಟಣ ಪಂಚಾಯಿತಿ. ಕಚೇರಿ ಇದೆ, ಮುಖ್ಯಾಧಿಕಾರಿ ಇದ್ದಾರೆ, ತೆರಿಗೆ ವಸೂಲಿ ಇದೆ. ವಾರ್ಡಿನ ಸದಸ್ಯ ಮಾತ್ರ ಇಲ್ಲ. 2020–21ರ ಹೊತ್ತಿಗೆ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಬೋರ್ಡು ಬದಲಾಯಿತು, ಚುನಾವಣೆ ಬರಲಿಲ್ಲ. ಆಡಳಿತಾಧಿಕಾರಿಯ ಕೈಯಲ್ಲೇ ವರ್ಷಗಳು ಕಳೆದವು. ಈ ನಡುವೆ ಇವೆಲ್ಲವನ್ನೂ ಸೇರಿಸಿ ಬೃಹತ್ ಮೈಸೂರು ಮಹಾನಗರ ಪಾಲಿಕೆ ಮಾಡುವ ಯೋಜನೆಯೂ ಬಂತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ರಾಜ್ಯದಲ್ಲಿ ಸ್ಥಳೀಯ ಆಡಳಿತಕ್ಕೆ ಸಂಬಂಧಿಸಿದ ಸಂಘ, ಒಕ್ಕೂಟಗಳಿಗೆ ಬರವಿಲ್ಲ. ನೌಕರರಿಗೆ ಸಂಘ ಇದೆ, ಪಿಡಿಒಗಳಿಗೆ ಸಂಘ ಇದೆ, ಪಂಚಾಯಿತಿ ಸದಸ್ಯರಿಗೆ ಒಕ್ಕೂಟ ಇದೆ. ವಿಧಾನಸೌಧದ ಬಾಗಿಲು ತಟ್ಟಿ 'ನಮ್ಮ ಊರಿಗೆ ಇದು ಬೇಕು' ಅಂತ ಬೋಗಾದಿಯಂಥ ಊರಿನ ಪರವಾಗಿ ಕೇಳುವವರು ಯಾರು?

ಸಂಘಕ್ಕೆ ಎಷ್ಟು ಶಕ್ತಿ?

ಸಂಘ ಕಟ್ಟಿದರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘದ ಕರೆಯಂತೆ ನೌಕರರು ಮುಷ್ಕರಕ್ಕಿಳಿದರು. ಅದೇ ದಿನ ಸರ್ಕಾರ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರ ನಿಂತಿತು. ಮುಂದೆ 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಗೆ ಬಂತು.

ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಹೀಗೇ. 2024ರ ಅಕ್ಟೋಬರ್‌ನಲ್ಲಿ ಪಿಡಿಒಗಳು ಮತ್ತು ಪಂಚಾಯಿತಿ ಸಿಬ್ಬಂದಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು. ಹಳ್ಳಿಗಳಲ್ಲಿ ಪಂಚಾಯಿತಿ ಕೆಲಸಕ್ಕೆ ಪೆಟ್ಟು ಬಿತ್ತು, ಸರ್ಕಾರ ಮಾತುಕತೆಗೆ ಕೂರಬೇಕಾಯಿತು. ಸದಸ್ಯರ ವಿಷಯಕ್ಕೆ ಬಂದರೆ, ಗೌರವಧನ ಹೆಚ್ಚಿಸಬೇಕೆಂಬ ಬಹುದಿನದ ಬೇಡಿಕೆಗೆ 2022ರಲ್ಲಿ ಫಲ ಸಿಕ್ಕಿತು. ಅಧ್ಯಕ್ಷರಿಗೆ ತಿಂಗಳಿಗೆ 3 ಸಾವಿರ ಇದ್ದದ್ದು 6 ಸಾವಿರ ರೂಪಾಯಿ ಆಯಿತು, ಸದಸ್ಯರಿಗೆ 1 ಸಾವಿರ ಇದ್ದದ್ದು 2 ಸಾವಿರ ಆಯಿತು.

ಇದರಲ್ಲಿ ತಪ್ಪೇನೂ ಇಲ್ಲ. ಒಬ್ಬ ಪಿಡಿಒ ನರೇಗಾದಿಂದ ಕುಡಿಯುವ ನೀರಿನವರೆಗೆ ಎಲ್ಲವನ್ನೂ ನೋಡಿಕೊಳ್ಳಬೇಕು. ಮೇಲಿನವರ ಒತ್ತಡ ಒಂದು ಕಡೆ, ಊರವರ ಬೈಗುಳ ಇನ್ನೊಂದು ಕಡೆ. ಅಂಥವರ ಬೆನ್ನಿಗೆ ಒಂದು ಸಂಘ ಇರಲೇಬೇಕು. ಆದರೆ ಈ ಸಂಘಗಳ ಬೇಡಿಕೆ ಪಟ್ಟಿ ನೋಡಿ: ವೇತನ, ಬಡ್ತಿ, ವರ್ಗಾವಣೆ, ಗೌರವಧನ. ನೌಕರನ ಪರ ಸಂಘ ನಿಂತಿದೆ. ನೌಕರ ಕೂತಿರುವ ಕಚೇರಿಯ ಪರ, ಆ ಕಚೇರಿಗೆ ಬರಬೇಕಾದ ಅನುದಾನದ ಪರ, ಅದನ್ನು ನಂಬಿಕೊಂಡ ಊರಿನ ಪರ ಅಷ್ಟೇ ಗಟ್ಟಿಯಾಗಿ ನಿಲ್ಲುವ ಸಂಘ ಕಾಣುವುದು ಕಡಿಮೆ.

ಮುಷ್ಕರದ ಲೆಕ್ಕ ಅಂಗಡಿಗೂ ಬರುತ್ತದೆ

2025ರ ಜುಲೈ 8ರಂದು ಮೈಸೂರು ಸೇರಿ ರಾಜ್ಯದ ಮಹಾನಗರ ಪಾಲಿಕೆಗಳ ನೌಕರರು ಕೆಲಸ ನಿಲ್ಲಿಸಿದ್ದು ಹಲವರಿಗೆ ನೆನಪಿರಬಹುದು. ಏಳನೇ ವೇತನ ಆಯೋಗದ ಹೊರೆಯನ್ನು ಪಾಲಿಕೆಗಳ ತಲೆಗೆ ಕಟ್ಟಬೇಡಿ, ಸರ್ಕಾರವೇ ಭರಿಸಲಿ ಅನ್ನೋದು ಮುಖ್ಯ ಬೇಡಿಕೆಗಳಲ್ಲೊಂದು.

ಇದು ನೌಕರರ ವಿಷಯ, ನಮಗೇನು ಅಂತ ಅಂಗಡಿಯವರು ಸುಮ್ಮನಿರುವ ಹಾಗಿಲ್ಲ. ಪಾಲಿಕೆಯ ಸ್ವಂತ ದುಡ್ಡು ಅಂದ್ರೆ ಆಸ್ತಿ ತೆರಿಗೆ, ನೀರಿನ ಬಿಲ್ಲು, ಉದ್ದಿಮೆ ಪರವಾನಗಿ ಶುಲ್ಕ. ಸಂಬಳಕ್ಕೆ ಅಲ್ಲಿಂದಲೇ ತೆಗೆದರೆ ರಸ್ತೆ, ಬೀದಿ ದೀಪ, ಚರಂಡಿಗೆ ಉಳಿಯುವುದು ಅಷ್ಟು ಕಡಿಮೆ. ಬೋಗಾದಿ ನಾಳೆ ಪಾಲಿಕೆಗೆ ಸೇರಿದರೆ ಈ ಲೆಕ್ಕ ಬೋಗಾದಿಯದ್ದೂ ಹೌದು. ಅವತ್ತು ನೌಕರರ ಸಂಘ ಎತ್ತಿದ ಮಾತನ್ನು ಪಾಲಿಕೆಯ ಕೌನ್ಸಿಲ್ ಕೂಡ ಎತ್ತಬೇಕಿತ್ತು. ಎತ್ತಲು ಕೌನ್ಸಿಲ್ಲೇ ಇರಲಿಲ್ಲ. ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿತ್ತು.

ಬೇರೆ ಕಡೆ ಹೇಗಿದೆ?

ಅಮೆರಿಕದಲ್ಲಿ ರಾಜ್ಯವನ್ನು ಕೌಂಟಿಗಳಾಗಿ ವಿಂಗಡಿಸಿರುತ್ತಾರೆ. ನಮ್ಮ ಜಿಲ್ಲೆಗೆ ಹತ್ತಿರದ ವ್ಯವಸ್ಥೆ, ಆದರೆ ಅಲ್ಲಿ ಕೌಂಟಿ ನಡೆಸುವವರಲ್ಲಿ ಬಹುಪಾಲು ಜನ ಚುನಾಯಿತರು. ಟೆಕ್ಸಾಸ್ ರಾಜ್ಯದ 254 ಕೌಂಟಿಗಳಿಗೆ 1969ರಿಂದ ಒಂದು ಸಂಘ ಇದೆ. ಹೊಸದಾಗಿ ಗೆದ್ದು ಬಂದವರಿಗೆ ತರಬೇತಿ, ಕಾನೂನು ಮಾಹಿತಿ, ಸಣ್ಣ ಕೌಂಟಿಗೆ ಒಂಟಿಯಾಗಿ ಹೊರಲಾಗದ ವಿಮೆಯನ್ನು ಕೂಡಿ ಹೊರುವ ವ್ಯವಸ್ಥೆ, ಎಲ್ಲವೂ ಒಂದೇ ಸೂರಿನಡಿ. ಶಾಸನಸಭೆಯಲ್ಲಿ ಕೌಂಟಿಗಳ ಮೇಲೆ ಹೊರೆ ಹಾಕುವ ಮಸೂದೆ ಬಂದರೆ ಕೌಂಟಿಗಳಿಗೆ ಸುದ್ದಿ ಮುಟ್ಟಿಸುವುದೂ ಅದೇ ಸಂಘ. ಅಲ್ಲಿ ಆಡಳಿತ ಮತ್ತು ಅಧಿಕಾರಿ ಬೇರೆ ಬೇರೆ ಗುಂಪಲ್ಲ.

ಅಷ್ಟು ದೂರ ಬೇಡ ಅಂದ್ರೆ ಪಕ್ಕದ ಕೇರಳ ಇದೆ. ಕಾಸರಗೋಡಿನ ಕನ್ನಡದ ಪಂಚಾಯಿತಿಗಳೂ ಸೇರಿ ಅಲ್ಲಿನ 941 ಗ್ರಾಮ ಪಂಚಾಯಿತಿಗಳಿಗೆ ಗ್ರಾಮ ಪಂಚಾಯತ್ ಅಸೋಸಿಯೇಷನ್ ಇದೆ. ಅದಕ್ಕೆ ಬಲ ಬಂದಿರುವುದು ಒಂದು ಸರಳ ಕಾರಣಕ್ಕೆ: 1995ರಿಂದ ಈಚೆಗೆ ಐದೈದು ವರ್ಷಕ್ಕೆ ಚುನಾವಣೆ ನಡೆದಿದೆ. 2020ರಲ್ಲಿ ನಡೆಯಿತು, 2025ರ ಡಿಸೆಂಬರ್‌ನಲ್ಲೂ ನಡೆಯಿತು. ಚುನಾಯಿತ ಅಧ್ಯಕ್ಷರು ಇದ್ದರೆ ತಾನೇ ಅಧ್ಯಕ್ಷರ ಸಂಘ?

ಕರ್ನಾಟಕ ಈ ದಾರಿಯಲ್ಲಿ ಎಲ್ಲರಿಗಿಂತ ಮುಂದಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತು ತಂದರು. 1987ರ ಚುನಾವಣೆಯಲ್ಲಿ ಗೆದ್ದು ಬಂದ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಅಂಥ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರ ನಂತರ ಚುನಾವಣೆ ನಡೆಯದೆ, 2021ರಲ್ಲಿ ಅವಧಿ ಮುಗಿದ ಮೇಲೆ ಖುರ್ಚಿಗಳು ಖಾಲಿ ಬಿದ್ದವು. 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿ ಸದಸ್ಯರದ್ದೂ ಐದೇ ವರ್ಷದ ಅವಧಿ. ಚುನಾವಣೆ ತಡವಾದಷ್ಟೂ ಸದಸ್ಯರ ಒಕ್ಕೂಟ ಮಾಜಿಗಳ ಒಕ್ಕೂಟವಾಗುತ್ತದೆ.

ಮೈಸೂರಲ್ಲೇ ಇದೆ, ಬೋಗಾದಿಗೆ ಸಿಗುತ್ತಿಲ್ಲ

ವಿಪರ್ಯಾಸ ಅಂದ್ರೆ, ಸ್ಥಳೀಯ ಆಡಳಿತ ನಡೆಸುವವರಿಗೆ ಪಾಠ ಹೇಳುವ ರಾಜ್ಯದ ದೊಡ್ಡ ಸಂಸ್ಥೆಗಳು ಇರೋದೇ ಮೈಸೂರಲ್ಲಿ. ಪಂಚಾಯಿತಿಯವರಿಗೆ ಅಬ್ದುಲ್ ನಜೀರ್ ಸಾಬ್ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ, ನಗರಸಭೆಗಳವರಿಗೆ ರಾಜ್ಯ ನಗರಾಭಿವೃದ್ಧಿ ಸಂಸ್ಥೆ, ಅಧಿಕಾರಿಗಳಿಗೆ ಆಡಳಿತ ತರಬೇತಿ ಸಂಸ್ಥೆ. ಇಡೀ ರಾಜ್ಯದ ಜನಪ್ರತಿನಿಧಿಗಳು ಬಸ್ ಹತ್ತಿ ಇಲ್ಲಿಗೆ ಬಂದು ಬಜೆಟ್ ಓದುವುದು ಹೇಗೆ, ಕ್ರಿಯಾಯೋಜನೆ ಬರೆಯುವುದು ಹೇಗೆ ಅಂತ ಕಲಿತು ಹೋಗುತ್ತಾರೆ. ನಗರದ ಇನ್ನೊಂದು ತುದಿಯ ಬೋಗಾದಿಯಿಂದ ಕಳಿಸಲು ಒಬ್ಬ ಸದಸ್ಯನೂ ಇಲ್ಲ.

ನಗರ ಸಂಸ್ಥೆಗಳಿಗೆ 'ಸಿಟಿ ಮ್ಯಾನೇಜರ್ಸ್ ಅಸೋಸಿಯೇಷನ್ ಕರ್ನಾಟಕ' ಅಂತ ಒಂದು ಸಂಸ್ಥೆ ಇದೆ. ಕಸ, ನೀರು, ತೆರಿಗೆ ವಿಷಯಗಳಲ್ಲಿ ತರಬೇತಿ, ಕಾರ್ಯಾಗಾರ ಮಾಡುತ್ತದೆ. ಒಳ್ಳೆಯ ಕೆಲಸವೇ. ಆದರೆ ಹೆಸರೇ ಹೇಳುವ ಹಾಗೆ ಅದು ಊರು ನಿರ್ವಹಿಸುವವರ ಸಂಸ್ಥೆ, ಊರಿನವರ ಮತ ಪಡೆದವರದ್ದಲ್ಲ.

ಖಾಲಿ ಖುರ್ಚಿಯ ಬೆಲೆ

ಸದಸ್ಯರಿಲ್ಲದಿದ್ದರೂ ಕೆಲಸ ನಡೆಯುತ್ತಿದೆಯಲ್ಲ ಅನ್ನುವವರಿದ್ದಾರೆ. ಮೆಂಬರ್‌ಗಳ ಕಾಟ ಇಲ್ಲದೆ ಅಧಿಕಾರಿಗಳೇ ಚೆನ್ನಾಗಿ ಮಾಡ್ತಾರೆ ಅನ್ನೋ ವಾದವೂ ಇದೆ. ಕೆಲವು ಕಡೆ ಅದು ನಿಜವೂ ಇರಬಹುದು. ಆದರೆ ಖಾಲಿ ಖುರ್ಚಿಗೆ ಬೆಲೆ ತೆರಬೇಕಾಗುತ್ತದೆ.

ಮೊದಲನೆಯದು ದುಡ್ಡು. ಕೇಂದ್ರದ 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಹಾಕಿದ ಷರತ್ತುಗಳಲ್ಲಿ ಚುನಾಯಿತ ಮಂಡಳಿ ಇರಬೇಕು ಅನ್ನೋದೂ ಒಂದು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಪಾಲಿನ ಅನುದಾನಕ್ಕೆ ಕತ್ತರಿ ಬಿದ್ದದ್ದು ಇದೇ ಕಾರಣಕ್ಕೆ. ರಾಜ್ಯದ ದುಡ್ಡಿನಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಎಷ್ಟು ಪಾಲು ಅಂತ ಹೇಳಲು 2023ರಲ್ಲಿ ಸಿ. ನಾರಾಯಣಸ್ವಾಮಿ ಅಧ್ಯಕ್ಷತೆಯಲ್ಲಿ ಐದನೇ ರಾಜ್ಯ ಹಣಕಾಸು ಆಯೋಗ ರಚನೆಯಾಯಿತು. ಅಂಥ ಆಯೋಗದ ಮುಂದೆ ಹೋಗಿ ವಾದಿಸಬೇಕಾದವರು ಅಧ್ಯಕ್ಷರು, ಸದಸ್ಯರು.

ಎರಡನೆಯದು ಮತ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಾನಗಳಿಗೆ ಮತ ಹಾಕುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು. ಪಂಚಾಯಿತಿ ಸದಸ್ಯರ ಬೇಡಿಕೆಗೆ ಪಕ್ಷಗಳು ಕಿವಿಗೊಡುವುದರ ಹಿಂದೆ ಈ ಮತದ ತೂಕವೂ ಇದೆ. ಸದಸ್ಯರಿಲ್ಲದ ಊರಿಗೆ ಆ ಮತ ಇಲ್ಲ.

ಮೂರನೆಯದು ತೀರ್ಮಾನ. ತೆರಿಗೆ ದರ, ಅಂಗಡಿ ಪರವಾನಗಿ ಶುಲ್ಕ, ಬೀದಿಬದಿ ವ್ಯಾಪಾರದ ಜಾಗ, ಯಾವ ರಸ್ತೆಗೆ ಮೊದಲು ಡಾಂಬರು, ಇವೆಲ್ಲ ಸಭೆಯಲ್ಲಿ ಜಗಳವಾಡಿ ತೀರ್ಮಾನ ಆಗಬೇಕಾದವು. ಈಗ ಒಬ್ಬರ ಸಹಿಯಲ್ಲಿ ಆಗುತ್ತವೆ. 2025ರ ಫೆಬ್ರುವರಿಯಲ್ಲಿ ಬಿ–ಖಾತಾ ಅಭಿಯಾನ ಶುರುವಾದಾಗ ಹಳೇ ಗ್ರಾಮಠಾಣಾ ಮನೆಯವರು, ಖಾಸಗಿ ಬಡಾವಣೆಯವರು, ರೆವಿನ್ಯೂ ಸೈಟಿನವರು ತಮ್ಮದು ಯಾವ ಖಾತೆ ಅಂತ ಕೇಳಲು ನೇರ ಕಚೇರಿ ಕೌಂಟರಿಗೇ ಹೋಗಬೇಕಿತ್ತು. ಬಿಡಿಸಿ ಹೇಳಲು ನಡುವೆ ಒಬ್ಬ ವಾರ್ಡ್ ಸದಸ್ಯ ಇರಲಿಲ್ಲ.

ಕಾನೂನು ಇದನ್ನು ಒಪ್ಪುವುದಿಲ್ಲ. ಹಳ್ಳಿಯಿಂದ ಪಟ್ಟಣವಾಗಿ ಬದಲಾಗುತ್ತಿರುವ ಪ್ರದೇಶಕ್ಕೆಂದೇ ಸಂವಿಧಾನದ 243ಕ್ಯೂ ವಿಧಿ ಇಂಥ ಪಟ್ಟಣ ಪಂಚಾಯಿತಿಗೆ ಜಾಗ ಕೊಟ್ಟಿದೆ. 243ಯು ವಿಧಿ ಪ್ರಕಾರ ನಗರ ಸಂಸ್ಥೆಯ ಮಂಡಳಿಗೆ ಐದು ವರ್ಷ ಅವಧಿ. ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಇದನ್ನು ಖಡಕ್ಕಾಗಿ ಹೇಳಿದೆ. ಮೊದಲ ಚುನಾವಣೆಯೇ ನಡೆಯದ ಊರಿಗೆ ಅವಧಿ ಮುಗಿಯುವ ಮಾತೇ ಬರುವುದಿಲ್ಲ, ಬೋಗಾದಿ ಸಿಕ್ಕಿಕೊಂಡಿರುವುದು ಇಲ್ಲೇ.

ಈಗ ಏನು ಮಾಡಬಹುದು?

ಪಾಲಿಕೆಗೆ ಸೇರುವುದು ಒಳ್ಳೆಯದೋ ಕೆಟ್ಟದ್ದೋ ಅನ್ನೋ ಚರ್ಚೆ ಟೀ ಅಂಗಡಿಗಳಲ್ಲಿ ನಡೆಯುತ್ತಲೇ ಇದೆ. ಕಾವೇರಿ ನೀರು, ಒಳಚರಂಡಿ ಸರಿಹೋಗುತ್ತದೆ ಅನ್ನೋ ಆಸೆ ಒಂದು ಕಡೆ, ತೆರಿಗೆ ಏರುತ್ತದೆ ಅನ್ನೋ ಭಯ ಇನ್ನೊಂದು ಕಡೆ. ಎರಡಕ್ಕೂ ಅರ್ಥವಿದೆ. ಆದರೆ ಪಟ್ಟಣ ಪಂಚಾಯಿತಿಯಾದಾಗ ಆದದ್ದೇ ಮತ್ತೆ ಆಗಬಾರದು. ಬೋರ್ಡು ಬದಲಾಗಿ, ತೆರಿಗೆ ಬದಲಾಗಿ, ಕೇಳುವವರು ಮಾತ್ರ ಇಲ್ಲದ ಸ್ಥಿತಿ ಇನ್ನೊಂದು ಸುತ್ತು ಬೇಡ.

ಮೂರು ವಿಷಯಗಳನ್ನು ಊರವರು ಈಗಲೇ ಹಿಡಿಯಬಹುದು. ಒಂದು, ವಾರ್ಡ್ ವಿಂಗಡಣೆಯ ಕರಡು ಬಂದಾಗ ಆಕ್ಷೇಪಣೆ ಸಲ್ಲಿಸಲು ಅವಧಿ ಕೊಡುತ್ತಾರೆ. ಬೋಗಾದಿಯನ್ನು ನಾಲ್ಕು ಕಡೆಗೆ ಹರಿದು ಹಂಚಿದರೆ ಮುಂದೆ ಗೆಲ್ಲುವ ಕಾರ್ಪೊರೇಟರಿಗೆ ಬೋಗಾದಿ ಅಂಚಿನ ಬೀದಿಯಷ್ಟೇ ಆಗುತ್ತದೆ. ಆಗ ಸುಮ್ಮನಿದ್ದು ಆಮೇಲೆ ಬೈದರೆ ಪ್ರಯೋಜನವಿಲ್ಲ. ಎರಡು, ಸೇರ್ಪಡೆಗೆ ಮುಂಚೆ ತೆರಿಗೆ ದರ, ಪರವಾನಗಿ ಶುಲ್ಕ, ಈಗಿರುವ ಖಾತೆಗಳ ಗತಿ ಏನು ಅನ್ನೋದನ್ನು ಬರವಣಿಗೆಯಲ್ಲಿ ಕೇಳುವುದು. ಸಕಾಲದಡಿ ಬರುವ ಅರ್ಜಿಗೆ ಸ್ವೀಕೃತಿ ಸಂಖ್ಯೆ ಪಡೆದೇ ಕಚೇರಿಯಿಂದ ಹೊರಡುವುದು.

ಮೂರನೆಯದು ಇವೆರಡಕ್ಕಿಂತ ದೊಡ್ಡದು: ಒಟ್ಟಾಗುವುದು. ಬಡಾವಣೆಗೊಂದು ನಿವಾಸಿಗಳ ಸಂಘ, ವರ್ತಕರ ಗುಂಪು, ಯುವಕರ ಗಣಪತಿ ಸಮಿತಿ, ಹೀಗೆ ಊರಲ್ಲಿ ಜನ ಸೇರುವ ಜಾಗಗಳಿಗೆ ಕೊರತೆಯಿಲ್ಲ. ಪ್ರತಿಯೊಬ್ಬರೂ ತಮ್ಮ ಬೀದಿಯ ದೀಪಕ್ಕೆ ಬೇರೆ ಬೇರೆ ಅರ್ಜಿ ಕೊಡುತ್ತಾರೆ. ಹೂಟಗಳ್ಳಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳದವರದ್ದೂ ಇದೇ ಗೋಳು. ಐದೂ ಊರಿನವರು ಒಂದು ಕಡೆ ಕೂತು 'ಮೊದಲು ಚುನಾವಣೆ ದಿನ ಹೇಳಿ' ಅಂತ ಒಂದೇ ಅರ್ಜಿ ಕೊಟ್ಟರೆ ಅದರ ತೂಕ ಬೇರೆ.

ನೌಕರರು ಒಟ್ಟಾದರು, ಶೇ 17 ಪಡೆದರು. ಪಂಚಾಯಿತಿ ಸದಸ್ಯರ ಗೌರವಧನ ದುಪ್ಪಟ್ಟಾಯಿತು. ಬೋಗಾದಿಯವರು ಕೇಳಬೇಕಿರುವುದು ಸಂಬಳವನ್ನೂ ಅಲ್ಲ, ಬಡ್ತಿಯನ್ನೂ ಅಲ್ಲ. ಚರಂಡಿ ಕಟ್ಟಿದಾಗ ಹಿಡಿದು ಕೇಳೋದಕ್ಕೆ ತಾವೇ ಆರಿಸಿದ ಒಬ್ಬ ಸದಸ್ಯ, ಅಷ್ಟೇ.